ಚೌಡಪ್ಪ ಮೇಷ್ಟ್ರ ಕ್ಯಾನ್ಸರ್ ಪಾಠ

ದೊಡ್ಡಬಳ್ಳಾಪುರದ ಚೌಡಪ್ಪ ಮೇಷ್ಟ್ರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದರೂ ಪಾಠ ನಿಲ್ಲಿಸಿಲ್ಲ. ತರಗತಿ ಮಾತ್ರ ಕಟಿಂಗ್ ಶಾಪಿಗೂ ಬಾಶೆಟ್ಟಿಹಳ್ಳಿ ಬಸ್ಸಿಗೂ ವರ್ಗವಾಗಿದೆ. ಯಾರಾದರೂ ಕೆಮ್ಮಿದರೆ ಸಾಕು, ಕ್ಯಾನ್ಸರಿಗೆ ಬಂದುಬಿಡುತ್ತಾರೆ. "ಜೀವಕೋಶಗಳನ್ನ ಒಂದಕ್ಕೊಂದು ಹಿಡಿದಿಡೋಕೆ ಅಂಟಿನಂಥ ಪ್ರೋಟೀನ್ ಇರುತ್ತೆ ಕಣಯ್ಯಾ. ಕ್ಯಾನ್ಸರ್ ಕೋಶ ಆ ಅಂಟು ಬಿಡಿಸ್ಕೊಂಡು, ಸುತ್ತಲ ಗೋಡೇನ ಕಿಣ್ವದಿಂದ ಕರಗಿಸಿ, ರಕ್ತದೊಳಗೆ ನುಗ್ಬಿಡುತ್ತೆ. ಆಮೇಲೆ ಲಿವರೋ ಮೂಳೆಯೋ, ಹಿಡಿಸಿದ ಕಡೆ ಇಳ್ಕೊಳ್ಳುತ್ತೆ. ಟಿಕೆಟ್ಟೂ ಬೇಡ!" ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಎದ್ದು ಓಡುವಂತಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರು ಒಂದು ಸ್ಟಾಪ್ ಮೊದಲೇ ಇಳಿದು ನಡೆಯುತ್ತಾರೆ. ಹೆಂಡತಿ ಶಾಕಾಂಬರಮ್ಮನಿಗೇ ಎದೆಯ ಕ್ಯಾನ್ಸರ್ ಆಪರೇಷನ್ ಆದಾಗಲೂ ಮೇಷ್ಟ್ರು ವಾರ್ಡಿಗೆಲ್ಲ ಪಾಠ ಮಾಡಿದರು. "ನರ್ಸಮ್ಮಾ, ಇವರಿಗೂ ಒಂದು ಇಂಜೆಕ್ಷನ್ ಕೊಡಿ, ಸುಮ್ನೆ ಮಲಗ್ಲಿ" ಎಂದು ಆಕೆ ಬೇಡಿಕೊಂಡರು. ಮೊನ್ನೆ ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರು ಮೇಷ್ಟ್ರನ್ನೊಬ್ಬರನ್ನೇ ಒಳಗೆ ಕರೆದು ಮಾತಾಡಿದರು. ಹೊರಬಂದಾಗ ಬೆಂಚಿನ ಮೇಲಿದ್ದ ಶಾಕಾಂಬರಮ್ಮ, "ಏನಂದ್ರು? ಲಿವರಿಗೆ ಹೋಗಿದ್ಯಂತಾ?" ಎಂದು ಕೇಳಿದರು. "ಅದೆಲ್ಲ ನಂಗೇನ್ ಗೊತ್ತಾಗುತ್ತೆ ಕಣೇ, ಬಾ, ಮನೆಗೆ ಹೋಗೋಣ" ಎಂದರು ಮೇಷ್ಟ್ರು. ಶಾಕಾಂಬರಮ್ಮನಿಗೆ ಎಲ್ಲ ಅರ್ಥವಾಯಿತು. ಗಂಡನ ಭುಜ ಹಿಡಿದು ಎದ್ದರು.