ಕಸ್ತೂರಿಬಾಯಿಯವರ ಕಾಯಿಚೀಲ ಹಡಗು ಹತ್ತಿದ್ದು

ಕಸ್ತೂರಿಬಾಯಿಯವರನ್ನು ಮೊದಲ ಸಲ ಕಂಡಾಗ ನಾನು ಅವರನ್ನು ಬಾಳೆಹಣ್ಣು ಮಾರುವವರೆಂದು ತಿಳಿದಿದ್ದೆ. ೧೯೮೮ರ ಮಾತು. ಕಲಬುರಗಿಯ ಕಾಲೇಜೊಂದಕ್ಕೆ ಮಾಸ್ತರಿಕೆಗೆ ಬಂದು, ಜೇವರ್ಗಿ ಕಾಲೋನಿಯಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಿದ್ದೆ. ಸಾಮಾನಿನ ಗಂಟು ಇನ್ನೂ ಬಿಚ್ಚಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಒಬ್ಬ ಹೆಂಗಸು ಕಮಲಾಪುರದ ಕೆಂಪು ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. "ಡಜನ್ ಹ್ಯಾಂಗ?" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ದರ ಹೇಳಿದರು. ಹೊಸ ಊರಿನಲ್ಲಿ ದಡ್ಡನಂತೆ ಕಾಣಬಾರದೆಂದು ನಾನು ಬೆವರು ಬರುವ ತನಕ ಚೌಕಾಸಿ ಮಾಡಿ ಎರಡು ರೂಪಾಯಿ ಇಳಿಸಿದೆ. ಅವರು ರೊಕ್ಕ ಸೆರಗಿಗೆ ಗಂಟು ಹಾಕಿಕೊಂಡು, ಬುಟ್ಟಿ ನನ್ನ ಕೈಗಿಟ್ಟು, ನೆಟ್ಟಗೆ ಮಾಲೀಕರ ಮನೆಯ ಬಾಗಿಲೊಳಗೆ ಹೋದರು. ಮಾಲಕಿ ಅವರೇ. ತವರಿನ ತೋಟದ ಹಣ್ಣನ್ನು ಹೊಸ ಬಾಡಿಗೆದಾರರಿಗೆ ಕೊಡಲೆಂದು ತಂದಿದ್ದರು.

"ಪುಕ್ಕಟ ಕೊಡ್ಲಾಕ ಬಂದಿದ್ದೆ, ಮಾಸ್ತರ್ರೇ," ಎಂದರು ಸಂಜೆ. "ನೀವೇ ರೊಕ್ಕದ ಮಾತು ತಗದ್ರಿ. ಓದಿದವರ ಮಾತು ಮುರೀಬಾರದಂತ ಸುಮ್ಮನಾದೆ."

ರೊಕ್ಕ ತಿರುಗಿ ಬರಲಿಲ್ಲ. ಮುಂದೆ ನಾನು ಎರಡು ಓಣಿ ಆಚೆ ಸ್ವಂತ ಮನೆ ಕಟ್ಟಿಕೊಂಡ ಮೇಲೂ, ಯಾರಾದರೂ ಬೀಗರು ಬಂದರೆ ಅವರು ನನ್ನನ್ನು ಪರಿಚಯಿಸುತ್ತಿದ್ದದ್ದು "ನನ್ನ ಗಿರಾಕಿ" ಎಂದೇ.

ಅವರ ಯಜಮಾನರು ದೇವೀಂದ್ರಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಅವರು ನಿವೃತ್ತರಾದ ಸಂಗತಿ ಕಚೇರಿಗೆ ಗೊತ್ತಿತ್ತು, ಅವರಿಗೆ ಇನ್ನೂ ತಲುಪಿರಲಿಲ್ಲ. ಬೆಳಗಿನ ಚಹಾವನ್ನು ಒಂದು ಗುಟುಕು ಕುಡಿದು, "ಸಕ್ಕರೆ ಬಗ್ಗೆ ಮರುಪರಿಶೀಲಿಸುವುದು" ಎಂದು ಬಟ್ಟಲನ್ನು ಒಳಗೆ ಕಳಿಸುತ್ತಿದ್ದರು. ಅದೇ ಬಟ್ಟಲು ಅದೇ ಚಹಾದೊಂದಿಗೆ ಹೊರಗೆ ಬರುತ್ತಿತ್ತು. "ಮರುಪರಿಶೀಲನಾ ಆಗ್ಯಾದ. ಅಷ್ಟೇ ಸಕ್ರಿ. ಕುಡೀರಿ."

ಹಡಗಿನ ಪಿಶಾಚಿ ಈ ಮನೆ ಹೊಕ್ಕಿದ್ದು ೨೦೦೬ರಲ್ಲಿ. ದೇವೀಂದ್ರಪ್ಪನವರ ಷಡ್ಡಕ ಖಂಡೆಪ್ಪ ಸಿಂಗಾಪುರಕ್ಕೆ ಹೋಗಿಬಂದು, ಆ ಫೋಟೋಗಳ ಆಲ್ಬಮ್ಮನ್ನು ಮದುವೆ, ಮುಂಜಿ, ದಿನಕರ್ಮ ಯಾವುದನ್ನೂ ಬಿಡದೆ ಹೊತ್ತು ತರತೊಡಗಿದ್ದ. ಅಂಥ ಸಮಯದಲ್ಲಿ ರವಿವಾರದ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ವಿಲಾಸಿ ಹಡಗು, ಎರಡು ರಾತ್ರಿ, ಊಟ, ಉಪಾಹಾರ, ಮನರಂಜನೆ ಎಲ್ಲಾ ಸೇರಿ ಒಂದೇ ದರ, ಎರಡು ಕುಟುಂಬ ಕೂಡಿ ಬಂದರೆ ರಿಯಾಯಿತಿ. ಎರಡನೆಯ ಕುಟುಂಬ ಯಾವುದೆಂದು ದೇವೀಂದ್ರಪ್ಪ ನನ್ನನ್ನು ಕೇಳದೆಯೇ ತೀರ್ಮಾನಿಸಿಯಾಗಿತ್ತು.

"ಮಾಸ್ತರ್ರೇ, ವಿಮಾನದಾಗ ಯಾರರೆ ಹೋಗ್ತಾರ. ಹಡಗ ಅಂದ್ರ ಅದರ ಘನತಿನೇ ಬ್ಯಾರೆ. ಎಲ್ಲಾ ಅದರಾಗೇ ಬಂತು."

ಆ ದುಡ್ಡಿಗೆ ನಮ್ಮ ಮಾಳಿಗೆಯ ಮೇಲೆ ಒಂದು ಕೋಣೆ ಏಳುತ್ತಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಹೂಂ ಅಂದಿದ್ದಳು.

ಕಾಲೋನಿಯ ಸಂಘದವರು ದೇವೀಂದ್ರಪ್ಪನವರಿಗೆ ಶಾಲು ಹೊದಿಸಿ ಬೀಳ್ಕೊಟ್ಟರು. ಸಂಘದ ಅಧ್ಯಕ್ಷರು ಅವರೇ ಆದ್ದರಿಂದ ಅಧ್ಯಕ್ಷ ಭಾಷಣವನ್ನೂ ಅವರೇ ಮಾಡಬೇಕಾಯಿತು. ಆ ಹೊತ್ತಿಗೆ ಕಸ್ತೂರಿಬಾಯಿ ತವರಿಗೆ ಹೇಳಿಬರಲೆಂದು ಕಮಲಾಪುರದ ಬಸ್ಸು ಹತ್ತಿದ್ದರು. ತಿರುಗಿ ಬಂದಾಗ ಅವರ ಹಿಂದೆ ಕಂಡಕ್ಟರನೇ ಒಂದು ಗೋಣಿಚೀಲ ಇಳಿಸಿಕೊಟ್ಟ. ಒಳಗೆ ತೆಂಗಿನಕಾಯಿ.

ಕಮಲಾಪುರದವರ ತಪ್ಪೇನೂ ಇಲ್ಲ. ಕೆಲಸವಿಲ್ಲದೆ ನೀರು ನೋಡಲಿಕ್ಕೆ ರೊಕ್ಕ ಕೊಟ್ಟು ಹೋಗುತ್ತಾರೆಂಬುದು ಅಲ್ಲಿ ಯಾರ ತಲೆಗೂ ಹೊಳೆಯುವಂಥದ್ದಲ್ಲ. ಹೊಳೆಗೋ ಸಮುದ್ರಕ್ಕೋ ಹೋಗುತ್ತಾರೆಂದರೆ ಗಂಗವ್ವನ ಕಡೆಗೆ ಹೊರಟಿದ್ದಾರೆಂದೇ ಅರ್ಥ. ಹೋಗುವವರ ಕೈಯಲ್ಲಿ ಓಣಿಯವರೆಲ್ಲ ತಮ್ಮ ಹೆಸರಿನಲ್ಲಿ ಒಂದೊಂದು ಕಾಯಿ ಕಳಿಸುತ್ತಾರೆ. ಯಾರದು ಯಾವುದೆಂದು ಗಂಗವ್ವನಿಗೆ ಗುರುತು ಸಿಗಲಿ ಎಂದು ಕಾಯಿಯ ಜುಟ್ಟಿಗೆ ತಮ್ಮ ಸೀರೆಯ ಅಂಚನ್ನೇ ಹರಿದು ಕಟ್ಟಿದ್ದರು. ದುಂಡಮ್ಮನ ಎಮ್ಮೆ ಸುಸೂತ್ರ ಈಯಲೆಂದು ಹಳದಿ ಅಂಚಿನದು, ಭೀಮಬಾಯಿಯ ಮೊಣಕಾಲಿಗೆಂದು ನೀಲಿಯದು, ಓಣಿಯ ಕೊನೆಮನೆಯ ಇಮಾಮಬಿ ತನ್ನ ಹಸಿರು ದುಪಟ್ಟಾದ ಚೂರು ಕಟ್ಟಿ ಕಳಿಸಿದ್ದು ಒಂದು. ಮಲ್ಕಮ್ಮನದು ಕೆಂಪು. ಮಲ್ಕಮ್ಮ ಕಸ್ತೂರಿಬಾಯಿಯವರ ಬಾಲ್ಯದ ಗೆಳತಿ. ಅವಳ ಸೊಸೆಗೆ ಬಸಿರು ನಿಲ್ಲುತ್ತಿರಲಿಲ್ಲ. ಈಗ ಮತ್ತೆ ದಿನ ತುಂಬುತ್ತಿದ್ದವು. "ನನ್ನ ಕಾಯಿ ನೀನೇ ಕೈಯಾರ ನೀರಿಗೆ ಬಿಡು, ಕಸ್ತೂರಿ. ಮತ್ತೊಬ್ಬರ ಕೈಗೆ ಕೊಡಬ್ಯಾಡ," ಎಂದು ಮಾತು ತೆಗೆದುಕೊಂಡಿದ್ದಳಂತೆ.

ದೇವೀಂದ್ರಪ್ಪ ಚೀಲದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ನಾವು ಹೊಂಟಿದ್ದು ಜಾತ್ರಿಗಲ್ಲ. ಕ್ರೂಸ್. ಸೂಟು ಹಾಕ್ಕೊಂಡವರ ನಡುವ ಗೋಣಿಚೀಲ ಹೊತ್ತು ನಡದ್ರ ನನ್ನ ಮರ್ಯಾದಿ ಏನಾಗಬೇಕು?"

"ನಿಮ್ಮ ಮರ್ಯಾದಿ ನೀವು ಹೊರ್ರಿ. ಚೀಲ ನಾ ಹೊರ್ತೀನಿ."

ಮುಂಬೈ ಬಂದರಿನಲ್ಲಿ, ಸಾಮಾನು ತಪಾಸಣೆಯ ಯಂತ್ರದೊಳಗೆ ಚೀಲ ಹೋಯಿತು, ಯಂತ್ರ ನಿಂತಿತು. ಪರದೆಯ ಮೇಲೆ ಕಂಡ ಸಾಲುಸಾಲು ಗುಂಡುಗಳನ್ನು ನೋಡಿ ಕಾವಲಿನ ಹೆಂಗಸು ಎದ್ದೇ ನಿಂತಳು. ಚೀಲ ಬಿಚ್ಚಿದ ಮೇಲೆ ಅವಳ ಹೆದರಿಕೆ ಹೋಗಿ ಸಿಟ್ಟು ಬಂತು. "ನಾರಿಯಲ್ ನಹೀ ಚಲೇಗಾ." ದೇವೀಂದ್ರಪ್ಪ ತಮ್ಮ ನಿವೃತ್ತ ನೌಕರರ ಗುರುತಿನ ಚೀಟಿಯನ್ನು ಕಣ್ಣಿನ ಎತ್ತರಕ್ಕೆ ಹಿಡಿದರು. ಅವಳು ಅದನ್ನೂ ಯಂತ್ರದೊಳಗೆ ಹಾಕಿದಳು.

ಕಸ್ತೂರಿಬಾಯಿ ಚೀಲದ ಮೇಲೆ ಕುಳಿತರು.

"ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ."

"ತಿಕೀಟಿನ ರೊಕ್ಕ ತಿರುಗಿ ಕೊಡಂಗಿಲ್ಲ," ಎಂದರು ದೇವೀಂದ್ರಪ್ಪ ಸಣ್ಣ ದನಿಯಲ್ಲಿ.

"ಕೂಡೋದಕ್ಕ ರೊಕ್ಕ ಇಲ್ಲಲ್ಲ. ಕುಂತೀನಿ."

ಹಿಂದೆ ಸಾಲು ಬೆಳೆಯಿತು. ಕೊನೆಗೆ ಮೇಲಿನವರು ಯಾರೋ ಬಂದು ಒಂದು ಉಪಾಯ ಹುಡುಕಿದರು. ಪ್ರಯಾಣಿಕರು ತರುವ ಶರಾಬಿನ ಬಾಟಲಿಗಳನ್ನು ಮೊಹರು ಮಾಡಿ ಹಡಗಿನ ಉಗ್ರಾಣದಲ್ಲಿಟ್ಟು, ಇಳಿಯುವಾಗ ಕೊಡುವ ಪದ್ಧತಿ ಇತ್ತು. ಹೀಗೆ ಕಮಲಾಪುರದ ಕಾಯಿಗಳು ಶರಾಬಿನ ಜೊತೆ ಬೀಗದೊಳಗೆ ಹೋದವು, ನಾವು ಹಡಗಿನೊಳಗೆ ಹೋದೆವು.

ನಮ್ಮ ಕೋಣೆಗಳು ಎಲ್ಲಕ್ಕಿಂತ ಅಗ್ಗದವು. ಗೋಡೆಗೆ ಚಂದದ ಪರದೆ ಇತ್ತು. ಕಸ್ತೂರಿಬಾಯಿ ಸಮುದ್ರ ನೋಡಲೆಂದು ಪರದೆ ಸರಿಸಿದರು. ಹಿಂದೆ ಗೋಡೆಯೇ ಇತ್ತು.

"ಎಲ್ಲಾ ಅದರಾಗೇ ಬಂತು ಅಂದಿದ್ರಿ," ಎಂದರು. "ಸಮುದ್ರ ಬಂದಿಲ್ಲೇನು?"

ಬರದೇ ಇದ್ದದ್ದು ಅದೊಂದೇ ಅಲ್ಲ. ಕುಡಿಯುವ ನೀರಿನ ಬಾಟಲಿಗೆ ಬೇರೆ ದರ. ನೆರಳಿನಲ್ಲಿ ಕಾಲು ಚಾಚಲು ಬೇರೆ. ಹತ್ತುವಾಗ ಕೇಳದೆ ತೆಗೆದ ಫೋಟೋ ಬೇಕಾದರೆ ಅದಕ್ಕೂ ಬೇರೆ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೆ. ಅಪಾಯದ ವೇಳೆ ತೊಡುವ ಕಿತ್ತಳೆ ಬಣ್ಣದ ಅಂಗಿಯ ಕವಾಯತಿಗೆ ಎಲ್ಲರನ್ನೂ ಕರೆದಾಗ ದೇವೀಂದ್ರಪ್ಪ ಸತ್ಕಾರವಿರಬೇಕೆಂದು ತಲೆ ಬಾಚಿಕೊಂಡು ಮೊದಲ ಸಾಲಿಗೆ ಹೋದರು. ಅಂಗಿ ಕೊರಳಿಗೆ ಬಿದ್ದಾಗ ಕೈ ಮುಗಿದರು.

ಕೊಟ್ಟ ರೊಕ್ಕ ವಸೂಲು ಮಾಡಲು ಅವರಿಗೆ ಉಳಿದ ಒಂದೇ ದಾರಿ ಊಟದ ಸಾಲು. ಬೆಳಗಿನದು, ಬೆಳಗು ದಾಟಿದ ಮೇಲಿನದು, ಮಧ್ಯಾಹ್ನದ್ದು, ಚಹಾದ ಹೊತ್ತಿನದು, ಅವರು ಒಂದನ್ನೂ ಬಿಡಲಿಲ್ಲ. ಗುರುತು ಹತ್ತದ ಪದಾರ್ಥಗಳನ್ನೂ ಒಂದು ಕಡತದಂತೆ ತೆರೆದು ನೋಡಿ ವಿಲೇವಾರಿ ಮಾಡಿದರು. ಸಂಜೆಗೆ ಗಾಳಿ ಎದ್ದು ಹಡಗು ತೂಗತೊಡಗಿದಾಗ ಅಷ್ಟೂ ಕಡತಗಳು ಮರಳಿ ಬಂದವು. ಕಸ್ತೂರಿಬಾಯಿ ಅವರ ತಲೆ ಹಿಡಿದುಕೊಂಡು, "ಇದೂ ಅದರಾಗೇ ಬಂತೇನ್ರೀ?" ಎಂದು ಕೇಳಿದರು.

ಆ ಕೋಣೆ ತೊಳೆಯಲು ಬಂದವರು ನಲವತ್ತು ದಾಟಿದ ಒಬ್ಬ ಗಡ್ಡದ ಮನುಷ್ಯ. ಕಸ್ತೂರಿಬಾಯಿಯವರ ಮಾತು ಕಿವಿಗೆ ಬಿದ್ದದ್ದೇ ಕೈಯಲ್ಲಿನ ಬಕೆಟ್ಟು ಇಟ್ಟರು.

"ಅಮ್ಮಾ, ಕಲಬುರ್ಗಿದವರೇನು? ನಾ ಭೀ ಅಲ್ಲಿಯವನೇರೀ. ಮೋಮಿನಪುರ. ಬುರ್ಹಾನುದ್ದೀನ್ ಅಂತ."

ಕಸ್ತೂರಿಬಾಯಿ ಅವರನ್ನು ಕೂಡಿಸಿಕೊಂಡು ಕಾಯಿಯ ಹಕೀಕತ್ತು ಪೂರಾ ಹೇಳಿದರು. ಬುರ್ಹಾನುದ್ದೀನ್ ಗಡ್ಡ ಕೆರೆದುಕೊಂಡರು. "ಕೀಲಿ ನನ್ನ ದೋಸ್ತನ ಕೈಯಾಗೇ ಅದ. ಖರೇ ಹೇಳ್ತೀನಮ್ಮಾ, ಈ ಹಡಗದಿಂದ ಒಂದು ಬಾಳಿ ಸಿಪ್ಪಿ ನೀರಿಗೆ ಬಿದ್ರೂ ಕ್ಯಾಮೆರಾದಾಗ ಕಾಣ್ತದ. ನೌಕರಿ ಹೋತದ."

ಮಂಚದ ಮೇಲೆ ಹೆಣದಂತೆ ಬಿದ್ದಿದ್ದ ದೇವೀಂದ್ರಪ್ಪನವರೊಳಗಿನ ಸೂಪರಿಂಟೆಂಡೆಂಟ್ ಎದ್ದು ಕುಳಿತರು. "ಏನಾಗಂಗಿಲ್ಲ. ನಾ ಹೇಳೀನಂತ ಹೇಳು. ನನ್ನ ಹೆಸರು ಹೇಳು."

"ಯಾರಿಗ್ರೀ ಸಾಬ್?"

ದೇವೀಂದ್ರಪ್ಪ ಯೋಚಿಸಿದರು. ಅರಬ್ಬಿ ಸಮುದ್ರದಲ್ಲಿ ತಮ್ಮ ಹೆಸರು ಹೇಳಬಹುದಾದ ಯಾರೂ ನೆನಪಾಗದೆ ಮತ್ತೆ ಮಲಗಿದರು.

"ಬ್ಯಾಡಪ್ಪಾ," ಎಂದರು ಕಸ್ತೂರಿಬಾಯಿ. "ಮಲ್ಕಮ್ಮನ ಮನ್ಯಾಗ ಕೂಸು ಬರಲಿ ಅಂತ ನಿನ್ನ ಮಕ್ಕಳ ಅನ್ನ ಕಳೀಲೇನು?"

"ಹಂಗಾದ್ರ ನನ್ನ ಹಂತ್ಯಾಕ ಬಿಡ್ರಿ. ರಜಾದಾಗ ನಾನೇ ಮುಂಬೈದಾಗ ನೀರಿಗೆ ಬಿಡ್ತೀನಿ."

"ಮತ್ತೊಬ್ಬರ ಕೈಗೆ ಕೊಡಂಗಿಲ್ಲ ಅಂತ ಮಾತು ಕೊಟ್ಟೀನೋ ತಮ್ಮಾ."

ಮರುದಿನ ಗೋವಾ ಬಂತು. ಸಾಮಾನು ಇಳಿಸುವಂತಿಲ್ಲ, ಮನುಷ್ಯರು ಮಾತ್ರ ಇಳಿಯಬಹುದು. ಬಿಸಿಲಲ್ಲಿ ಒಂದು ಬಸ್ಸಿನಲ್ಲಿ ಕುಳಿತು, ಅದಕ್ಕೂ ಬೇರೆ ದುಡ್ಡು ಕೊಟ್ಟು, ನಾನೂ ನನ್ನ ಹೆಂಡತಿಯೂ ಬೇರೆ ಬಸ್ಸುಗಳನ್ನು ನೋಡಿ ಬಂದೆವು. ಕಸ್ತೂರಿಬಾಯಿ ಇಳಿಯಲಿಲ್ಲ. ಮೇಲಿನ ಅಂತಸ್ತಿನ ಕಂಬಿ ಹಿಡಿದು ನಿಂತೇ ಇದ್ದರು. ಹತ್ತು ಅಂತಸ್ತು ಕೆಳಗೆ ನೀರು, ಅವರ ಕಾಲ ಕೆಳಗೆಲ್ಲೋ ಬೀಗದೊಳಗೆ ಕಾಯಿ. ನಾನು ಬಂದು ಪಕ್ಕದಲ್ಲಿ ನಿಂತಾಗ, "ನಾ ತಿರುಗಿ ಹೋಗಿ ಮಲ್ಕಮ್ಮಗ ಏನಂತ ಹೇಳ್ಲಿ, ಮಾಸ್ತರ್ರೇ?" ಎಂದು ಕೇಳಿದರು. ಅವರು ನನ್ನನ್ನು ಕೇಳಿದ ಒಂದೇ ಒಂದು ಪ್ರಶ್ನೆ ಅದು.

ಮೂರನೆಯ ದಿನ ಮುಂಬೈಯಲ್ಲಿ ಇಳಿದಾಗ ಚೀಲ ಮೊಹರು ಸಮೇತ ಕೈಗೆ ಬಂತು. ದೇವೀಂದ್ರಪ್ಪ ಹಡಗಿನ ಅಂಗಡಿಯಲ್ಲಿ ಕೊಂಡ ಕಪ್ತಾನನ ಟೋಪಿ ಹಾಕಿಕೊಂಡಿದ್ದರು. ಮುಖ ಮಾತ್ರ ಮೂರು ದಿನದಲ್ಲಿ ಅರ್ಧ ಆಗಿತ್ತು. ಟ್ಯಾಕ್ಸಿಯವನಿಗೆ, "ಸ್ಟೇಷನ್," ಎಂದರು.

"ನೀರಿನ ಕಡೀಗೆ ಹೊಡಿ," ಎಂದರು ಕಸ್ತೂರಿಬಾಯಿ ಹಿಂದಿನಿಂದ.

ಅವನಿಗೆ ಕನ್ನಡ ಬಾರದು. ಆದರೂ ಯಾರ ಮಾತು ಕೇಳಬೇಕೆಂದು ಅವನಿಗೆ ತಿಳಿಯಿತು.

ಮೀನುಗಾರರು ಸಣ್ಣ ದೋಣಿಗಳನ್ನು ಕಟ್ಟುವ ಒಂದು ಕಲ್ಲಿನ ಕಟ್ಟೆಯ ಹತ್ತಿರ ಟ್ಯಾಕ್ಸಿ ನಿಂತಿತು. ಪಾಚಿ ಕಟ್ಟಿದ ಮೆಟ್ಟಿಲು ನೀರಿನೊಳಗೇ ಇಳಿದಿದ್ದವು. ಕಸ್ತೂರಿಬಾಯಿ ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿಗಿಳಿದರು. ನಾನು ಚೀಲದಿಂದ ಒಂದೊಂದೇ ತೆಗೆದು ಕೊಡುತ್ತ ಹೋದೆ. "ಯವ್ವಾ ಗಂಗವ್ವಾ, ಇದು ಮಲ್ಕಮ್ಮಂದು. ಕೂಸು ನೆಟ್ಟಗ ಬರಲಿ." ಬಿಟ್ಟರು. "ಇದು ಇಮಾಮಬಿದು. ಏನು ಬೇಡಿಕೊಂಡಾಳೋ ಹೇಳಿಲ್ಲ. ನಿನಗ ಗೊತ್ತಿರ್ತದ." ಬಿಟ್ಟರು. "ಇದು ದುಂಡಮ್ಮನ ಎಮ್ಮಿದು."

ಟ್ಯಾಕ್ಸಿಯ ಮೀಟರು ಓಡುತ್ತಿತ್ತು. ದೇವೀಂದ್ರಪ್ಪ ಮೊದಲು ಕಿಟಕಿಯಿಂದ ಗಡಿಯಾರ ತೋರಿಸಿದರು. ಆಮೇಲೆ ಇಳಿದು ಕೆಮ್ಮಿದರು. ಆಮೇಲೆ, ಹೆಂಡತಿಯ ಕಾಲು ಪಾಚಿಯ ಮೇಲೆ ಒಮ್ಮೆ ಜಾರಿದ್ದನ್ನು ಕಂಡು, ಬೂಟು ಹಾಕಿಕೊಂಡೇ ಮೆಟ್ಟಿಲಿಳಿದು ಅವರ ರಟ್ಟೆ ಹಿಡಿದು ನಿಂತರು. ಒಂದು ಅಲೆ ಬಂದು ಸೊಂಟದವರೆಗೆ ನೆನೆಸಿ ಹೋಯಿತು. ಟೋಪಿ ಬಿದ್ದು ತೇಲಿತು. ಅದನ್ನು ಹಿಡಿಯಲು ಅವರು ಕೈ ಬಿಡಲಿಲ್ಲ.

ಚೀಲದ ತಳದಲ್ಲಿ ಒಂದು ಕಾಯಿ ಉಳಿದಿತ್ತು. ಅದರ ಜುಟ್ಟಿಗೆ ಸೀರೆಯ ಅಂಚಿರಲಿಲ್ಲ. ಕಚೇರಿಯಲ್ಲಿ ಕಡತಕ್ಕೆ ಕಟ್ಟುವ ಬಿಳಿ ಲಾಡಿ ಇತ್ತು, ಎರಡು ಸುತ್ತು ಸುತ್ತಿ ನೀಟಾಗಿ ಗಂಟು ಹಾಕಿದ್ದು.

"ಇದು ಯಾರದು?" ಕಸ್ತೂರಿಬಾಯಿ ಕಾಯಿ ತಿರುಗಿಸಿ ನೋಡಿದರು. "ನಮ್ಮ ಓಣ್ಯಾಗ ಇಂಥಾದು ಯಾರೂ ಉಡಂಗಿಲ್ಲ."

ದೇವೀಂದ್ರಪ್ಪ ಬಹಳ ಗಂಭೀರವಾಗಿ ಕ್ಷಿತಿಜವನ್ನು ಪರಿಶೀಲಿಸುತ್ತಿದ್ದರು. "ಯಾರದರೆ ಇರ್ಲಿ. ಬಿಡು. ರೈಲಿಗೆ ಹೊತ್ತಾತು."

ಕಸ್ತೂರಿಬಾಯಿ ಅವರ ಮುಖವನ್ನೊಮ್ಮೆ, ಲಾಡಿಯನ್ನೊಮ್ಮೆ ನೋಡಿ, ಎಲ್ಲಕ್ಕಿಂತ ಹೆಚ್ಚು ಹೊತ್ತು ಆ ಕಾಯಿಯನ್ನು ಕೈಯಲ್ಲಿ ಹಿಡಿದಿದ್ದು, ಹೆಸರು ಹೇಳದೆ ಬಿಟ್ಟರು.

ಊರಿಗೆ ಬಂದ ವಾರಕ್ಕೆ ಸಂಘದವರು ಮತ್ತೆ ಶಾಲು ಹೊದಿಸಿದರು. ದೇವೀಂದ್ರಪ್ಪ ಸಾಗರದ ಗಾಂಭೀರ್ಯದ ಬಗ್ಗೆ ಒಂದು ತಾಸು ಮಾತಾಡಿದರು. ಹೊಟ್ಟೆಯ ವಿಷಯ ಬರಲಿಲ್ಲ. ಮುಂದಿನ ಸಾಲಿನಲ್ಲಿ ಖಂಡೆಪ್ಪ ಆಲ್ಬಮ್ಮನ್ನು ತೊಡೆಯ ಮೇಲೆ ಮುಚ್ಚಿಟ್ಟುಕೊಂಡು ಕುಳಿತಿದ್ದ. ಆ ದೃಶ್ಯಕ್ಕೆ ತೆತ್ತ ಬೆಲೆಯಲ್ಲಿ ಅರ್ಧ ನನ್ನದು ಎಂಬುದನ್ನು ನೆನೆದು ನಾನು ಚಪ್ಪಾಳೆ ತಟ್ಟಲಿಲ್ಲ.

ಅಲ್ಲಿಂದ ಅವರ ಮನೆಗೆ ಹೋದರೆ ಕಸ್ತೂರಿಬಾಯಿ ಕಮಲಾಪುರದಿಂದ ಬಂದ ಕೆಂಪು ಬಾಳೆಗೊನೆ ಬಿಡಿಸುತ್ತ ಕುಳಿತಿದ್ದರು. ಮಲ್ಕಮ್ಮನಿಗೆ ಹೇಳಿ ಬಂದಾಗಿತ್ತು. ಕೂಸು ಇನ್ನೂ ಬಂದಿರಲಿಲ್ಲ, ಆದರೆ ಮಲ್ಕಮ್ಮ ಆ ರಾತ್ರಿ ನಿದ್ದೆ ಮಾಡಿದಳಂತೆ. ನನಗೆ ನನ್ನ ದುಡ್ಡಿನ ಸಂಕಟ. ಇಷ್ಟು ಖರ್ಚಿನಿಂದ ಏನಾದರೊಂದು ಪಾಠ ಕಲಿತಂತಾಗಲಿ ಎಂಬ ಮಾಸ್ತರಿಕೆಯ ಚಟದಲ್ಲಿ ಕೇಳಿದೆ:

"ಅಲ್ಲ್ರೀ, ಮುಂದಿನ ಸಲ ಸಮುದ್ರಕ್ಕ ಹೋಗೋವಾಗ ಕಾಯಿಚೀಲ ಬಿಟ್ಟು ಹೋಗ್ತೀರಿ, ಹೌದಲ್ಲೋ?"

ಅವರು ಒಂದು ಹಣ್ಣು ಮುರಿದು ನನ್ನ ಕೈಗಿಟ್ಟರು.

"ಕಾಯಿ ಒಯ್ತೀನಿ. ಹಡಗ ಬಿಡ್ತೀನಿ."