ಎರಡನೆಯ ಸೀಟು

ಮೊನ್ನೆ ಅಂಚೆ ಕಚೇರಿಯಲ್ಲಿ ಒಂದು ಪಾರ್ಸಲ್ಲಿಗೆ ಮುದ್ರೆ ಹಾಕಿಸಲು ನಿಂತಿದ್ದೆ. ಕೌಂಟರಿನ ಆಚೆ ಕೂತಿದ್ದಾಕೆ ಕೆಂಪು ಅರಗಿನ ಕಡ್ಡಿಯನ್ನು ಉರಿಗೆ ಹಿಡಿದಳು. ಅರಗು ಕರಗಿ ಗಂಟಿನ ಮೇಲೆ ತೊಟ್ಟಿಕ್ಕಿತು. ಆ ವಾಸನೆ ಮೂಗಿಗೆ ಬಂದಿದ್ದೇ ತಡ, ಅವಳು ರಸೀದಿಗೆ ಸಹಿ ಕೇಳುತ್ತಿದ್ದರೂ ನನಗೆ ಕೇಳಿಸಲಿಲ್ಲ. ಗೊಂಬೆ ತಾತ ನೆನಪಾಗಿದ್ದರು.

ಚನ್ನಪಟ್ಟಣದಲ್ಲಿ ನಮ್ಮ ಅಂಗಡಿಗೆ ಎದುರಾಗಿಯೇ ಅವರ ಕಾರ್ಖಾನೆ ಇತ್ತು. ಕಾರ್ಖಾನೆಯೆಂದರೆ ಒಂದು ಶೀಟಿನ ಮಾಡು, ಮರ ಕಡೆಯುವ ಒಂದು ಲೇತು, ಗೋಡೆಗೆ ಒರಗಿಸಿದ, ಗೊಂಬೆಗೆ ಬಳಸುವ ಆಲೆಮರದ ತುಂಡುಗಳು. ತಿರುಗುವ ಮರಕ್ಕೆ ಅವರು ಬಣ್ಣದ ಅರಗನ್ನು ಒತ್ತಿದಾಗ ಏಳುವ ವಾಸನೆ ರಸ್ತೆ ದಾಟಿ ನನ್ನ ಜೆರಾಕ್ಸ್ ಯಂತ್ರದವರೆಗೂ ಬರುತ್ತಿತ್ತು. ಓಣಿಯ ಮಕ್ಕಳೆಲ್ಲ ತಾತ ಎನ್ನುತ್ತಿದ್ದರಿಂದ ನಾನೂ ಹಾಗೇ ಕರೆಯುತ್ತಿದ್ದೆ. ಅವರ ಹೆಂಡತಿ ತೀರಿಹೋಗಿದ್ದರು. ಮಗ, ಸೊಸೆಯ ಜೊತೆ ಇದ್ದರು. ಮಾತು ಕಡಿಮೆ.

ಒಂದು ಮಧ್ಯಾಹ್ನ ಅವರು ಕೈಯೊರೆಸಿಕೊಂಡು ಬಂದು ಮೊಬೈಲನ್ನು ನನ್ನ ಮುಂದಿಟ್ಟರು. ಅದರಲ್ಲೊಂದು ಹಕ್ಕಿಯ ಫೋಟೋ. ಪಾರಿವಾಳದ ಹಾಗಿತ್ತು, ಆದರೆ ಕತ್ತಿನ ಸುತ್ತ ಗರಿಗಳು ಬಿಚ್ಚಿದ ಕೂದಲಿನಂತೆ ಇಳಿಬಿದ್ದಿದ್ದವು. ಹಸಿರೋ ತಾಮ್ರದ ಬಣ್ಣವೋ ಹೇಳಲಾಗುತ್ತಿರಲಿಲ್ಲ. ಅಂಡಮಾನಿನ ಕಡೆ ಯಾವುದೋ ದೂರದ ದ್ವೀಪದಲ್ಲಿ ಒಂದು ವನ್ಯಜೀವಿ ಉದ್ಯಾನ; ಅಲ್ಲಿಗೆ ಬರುವವರಿಗೆ ಮಾರಲು ಈ ಹಕ್ಕಿಯ ಮರದ ಗೊಂಬೆ ಬೇಕೆಂದು ಬೆಂಗಳೂರಿನ ವ್ಯಾಪಾರಿಯೊಬ್ಬರು ಕಳಿಸಿದ್ದರಂತೆ.

“ಫೋಟೋದಾಗೆ ಮುಂದ್ಗಡೆ ಮಾತ್ರ ಐತೆ ಕಣಮ್ಮ. ಹಿಂದ್ಗಡೆ ಹೆಂಗೈತೆ ಅಂತ ಯಾರ್ನ ಕೇಳಾನ?” ಎಂದರು. ನಾನು ಹುಡುಕಿ ಬೇರೆ ಫೋಟೋಗಳನ್ನು ತೋರಿಸಿದೆ. ಒಂದೊಂದರಲ್ಲೂ ಒಂದೊಂದು ಬಣ್ಣ. ತುಂಬ ಹೊತ್ತು ನೋಡಿ, “ಹೋಗಿ ನೋಡ್ಕಂಡೇ ಬರ್ಬೇಕು. ಟಿಕೀಟು ನೋಡು. ಎರಡು ಸೀಟು” ಎಂದು ಎದ್ದು ಹೋದರು.

ನಾನು ಬಸ್ಸು, ರೈಲಿನ ಟಿಕೆಟ್ ಮಾಡಿಕೊಡುತ್ತಿದ್ದವಳು. ಧರ್ಮಸ್ಥಳ, ತಿರುಪತಿ, ಅಜ್ಮೀರ್ ಗೊತ್ತಿತ್ತು. ವಿಮಾನವನ್ನು ನಾನೇ ಹತ್ತಿರಲಿಲ್ಲ. ಬೆಂಗಳೂರಿನಿಂದ ದೊಡ್ಡ ದ್ವೀಪದವರೆಗೆ ದೊಡ್ಡ ವಿಮಾನ. ಅದು ಸುಲಭವಾಗಿ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಮುಕ್ಕಾಲು ಗಂಟೆಯ ಹಾರಾಟ, ಒಂಬತ್ತೇ ಸೀಟಿನ ಪುಟ್ಟ ವಿಮಾನ. ಮಂಗಳವಾರ ಮತ್ತು ಶನಿವಾರ ಹೋಗುತ್ತಿತ್ತು. ಉದ್ಯಾನಕ್ಕೆ ಭಾನುವಾರ ರಜೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಅದೂ ಮೂರು ರಾತ್ರಿಗೆ ಮಾತ್ರ; ಅನುಮತಿಗೆ ಟಿಕೆಟ್ ತೋರಿಸಬೇಕು, ಟಿಕೆಟ್ಟಿಗೆ ಅನುಮತಿ ತೋರಿಸಬೇಕು... ಫೋನಿನಲ್ಲಿ ಸಿಕ್ಕವನು ಹಿಂದಿಯಲ್ಲಿ ಏನೋ ಹೇಳುತ್ತಿದ್ದ, ತಾತ ಉರ್ದುವಿನಲ್ಲಿ ಕೇಳುತ್ತಿದ್ದರು, ಕೊನೆಗೆ ಇಬ್ಬರೂ ನಕ್ಕು ಫೋನಿಡುತ್ತಿದ್ದರು. ಏನಾಯಿತು ಎಂದರೆ, “ಮಂಗಳವಾರ ಐತಂತೆ. ಈ ಮಂಗಳವಾರ ಅಲ್ವಂತೆ” ಎನ್ನುವರು.

ನಾನು ಹಳೇ ಕ್ಯಾಲೆಂಡರಿನ ಹಿಂದೆ ಗೆರೆ ಎಳೆದು ಲೆಕ್ಕ ಹಾಕಿದೆ. ಶನಿವಾರ ಇಳಿಯುವುದು, ಭಾನುವಾರ ಸುಮ್ಮನಿರುವುದು, ಸೋಮವಾರ ಹಕ್ಕಿ ನೋಡುವುದು, ಮಂಗಳವಾರ ವಾಪಸ್ಸು.

“ಒಂದೇ ದಿನ ಸಿಗೋದು ತಾತ” ಎಂದೆ.

“ಸಾಕು. ಮೈ ನಾನು ನೋಡ್ಕಂತೀನಿ. ಕಣ್ಣಿಗೆ ಬೇರೆಯವರು ಬೇಕು.”

ಅವರ ಕಣ್ಣು ಮಂಜಾಗುತ್ತಿದೆ, ಕೈಹಿಡಿದು ನಡೆಸಲು ಜೊತೆಗೊಬ್ಬರು ಬೇಕು ಎಂದು ನಾನು ತಿಳಿದೆ. ಮಗನ ಹೆಸರು ಬರೆಯಲೇ ಎಂದು ಕೇಳಿದರೆ ಬೇಡ ಎಂದರು. ಸೊಸೆಯದೂ ಅಲ್ಲ. ಹಾಗಾದರೆ ಯಾರು ಎಂದರೆ, “ಆಮ್ಯಾಕೆ ಹೇಳ್ತೀನಿ ಬುಡಮ್ಮ.”

ಪುಟ್ಟ ವಿಮಾನದವರು ಪ್ರಯಾಣಿಕರ ತೂಕ ಕೇಳಿದ್ದರು. ವಿಮಾನ ಚಿಕ್ಕದಾದ್ದರಿಂದ ಆಳಿನ ತೂಕವನ್ನೂ ಚೀಲದ ತೂಕವನ್ನೂ ಮೊದಲೇ ತಿಳಿಸಬೇಕಿತ್ತು. ತಾತ ಮರದ ಡಿಪೋಗೆ ಹೋಗಿ, ತುಂಡು ತೂಗುವ ತಕ್ಕಡಿಯ ಮೇಲೆ ನಿಂತು ಬಂದರು. ಐವತ್ತೊಂದು. ಎರಡನೆಯವರದು? ಎರಡು ದಿನ ಬಿಟ್ಟು ಬಂದು ನಲವತ್ತೆರಡು ಎಂದರು. ಹೆಸರು ಮಾತ್ರ ಇಲ್ಲ. ಹೆಸರಿಲ್ಲದೆ ನಲವತ್ತೆರಡು ಕೆಜಿಗೆ ಯಾರು ಟಿಕೆಟ್ ಕೊಡುತ್ತಾರೆ? ನನಗೆ ಸಿಟ್ಟು ಬಂತು. ತಾತನಿಗೆ ಅರಳುಮರಳು ಶುರುವಾಯಿತೇ ಎಂದೂ ಅನ್ನಿಸಿತು. ಮಗನನ್ನು ವಿಚಾರಿಸಿದೆ. “ನಂಗೇ ಗೊತ್ತಿಲ್ಲ ಅಕ್ಕ. ವಿಮಾನ ಅಂತಾರೆ, ಬೆಳಿಗ್ಗೆ ಎದ್ದು ಕನಕಪುರದ ಬಸ್ ಹತ್ತುತಾರೆ” ಎಂದ.

ಕನಕಪುರದಲ್ಲಿ ತಾತನ ಅಕ್ಕ ಇದ್ದರು. ಅದು ನನಗೆ ಗೊತ್ತಿತ್ತು. ಇಬ್ಬರ ನಡುವೆ ಮಾತಿಲ್ಲ ಎಂಬುದೂ ಗೊತ್ತಿತ್ತು. ತಾತನ ಹೆಂಡತಿ ಸತ್ತಾಗ ಅಕ್ಕನಿಗೆ ಸುದ್ದಿ ಮುಟ್ಟಿಸುವುದು ತಡವಾಗಿ, ಅವರು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತಂತೆ. ಬಾಗಿಲಿನಿಂದಲೇ ತಿರುಗಿ ಹೋದವರು ಮತ್ತೆ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಇಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಔಷಧಿಗೋ ಹಕೀಮರ ಬಳಿಗೋ ಹೋಗುತ್ತಿರಬೇಕು ಎಂದುಕೊಂಡೆ... ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ.

ಮಳೆ ಶುರುವಾದರೆ ಪುಟ್ಟ ವಿಮಾನ ನಿಲ್ಲುತ್ತದೆಂದು ಫೋನಿನವನು ಎಚ್ಚರಿಸಿದ. ನಾನು ರಸ್ತೆ ದಾಟಿ ಹೋಗಿ, ಇವತ್ತು ಹೆಸರು ಹೇಳದಿದ್ದರೆ ಆಗುವುದಿಲ್ಲ, ಬೇಕಿದ್ದರೆ ಒಬ್ಬರೇ ಹೋಗಿಬನ್ನಿ ಎಂದೆ. ಅವರು ಲೇತು ನಿಲ್ಲಿಸಿದರು. ಅವರ ಮುಂದೆ ಆ ಹಕ್ಕಿ ಇತ್ತು. ಮೈ ಆಗಿತ್ತು, ಕತ್ತು ಆಗಿತ್ತು, ಬಾಲವಿರುವಲ್ಲಿ ಬರೀ ಮರ. ಮುಖ ನುಣ್ಣಗೆ, ಖಾಲಿ.

“ಒಬ್ನೇ ಹೋಗಿ ಏನ್ಮಾಡ್ಲಿ? ಮಳೆ ಕಳೀಲಿ ಬುಡು” ಎಂದರು.

ಮಳೆ ಕಳೆಯುವ ಮೊದಲೇ ಜ್ವರ ಹಿಡಿಯಿತು. ಎದೆಯಲ್ಲಿ ಮರದ ಧೂಳು ಕಟ್ಟಿಕೊಂಡು ಎಷ್ಟೋ ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಹೋಗಿಬಿಟ್ಟರು. ಈ ಸಲ ಮಗ ಮೊದಲ ಫೋನನ್ನೇ ಕನಕಪುರಕ್ಕೆ ಮಾಡಿದ. ಅಕ್ಕ ಬಂದರು, ಮುಖ ನೋಡಿದರು.

ಮೂರನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿಕೊಂಡು ಅವರು ನನ್ನ ಅಂಗಡಿಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ಪುಟ್ಟ ದೇಹ, ಬಿಳಿ ದುಪಟ್ಟಾ.

“ಇಮಾನದ ಟಿಕೀಟು ಮಾಡೋರು ನೀವೇನಾ?” ಎಂದರು. ಹೌದೆಂದೆ.

“ನನ್ನ ತಮ್ಮ ಆರು ವರ್ಷ ಆದ್ಮೇಲೆ ಮನೆಗೆ ಬಂದ ಕಣಮ್ಮ. ಮೂರು ಸಲ ಬಂದ. ಟೀ ಕುಡ್ದ. ಒಂದು ಹಕ್ಕಿ ಐತೆ ಅಂದ, ಸಮುದ್ರದಾಗೆ ಊರೈತೆ ಅಂದ. ಎದ್ದು ಹೋಗೋವಾಗ, ಅಕ್ಕ, ನೀ ಈಗ ಎಷ್ಟು ತೂಕ ಇದೀಯ ಅಂತ ಕೇಳ್ದ. ಆಸ್ಪತ್ರೆಯಾಗೆ ತೂಗಿದ್ರು, ನಲವತ್ತೆರಡು ಅಂದೆ. ಸರಿ ಅಂತ ಹೊಂಟೋದ. ತೂಕ ಯಾಕೆ ಕೇಳ್ದ?”

ನಿಮ್ಮನ್ನು ಕರೆಯಲಿಲ್ಲವೇ ಎಂದೆ.

“ಎಲ್ಲಿಗೆ?” ಎಂದರು.

ಎಲ್ಲವನ್ನೂ ಹೇಳಿದೆ. ಎರಡು ಸೀಟು, ಶನಿವಾರದ ವಿಮಾನ, ಕಣ್ಣಿಗೆ ಬೇರೆಯವರು ಬೇಕು ಎಂದ ಮಾತು. ಅದನ್ನು ಕೇಳಿದಾಗ ಅವರು ದುಪಟ್ಟಾದ ತುದಿಯನ್ನು ಬಾಯಿಗೊತ್ತಿಕೊಂಡರು. ಚಿಕ್ಕವರಿದ್ದಾಗ ಅಪ್ಪನ ಲೇತಿನ ಪಕ್ಕ ಇಬ್ಬರೂ ಕೂರುತ್ತಿದ್ದರಂತೆ. ತಮ್ಮ ಮೈ ಕಡೆಯುವುದು, ಅಕ್ಕ ಕಣ್ಣು ಬರೆಯುವುದು. ಮದುವೆಯಾಗಿ ಹೋಗುವವರೆಗೆ ಆ ಮನೆಯಿಂದ ಹೊರಟ ಒಂದೊಂದು ಗಿಳಿಗೂ ಆನೆಗೂ ಕಣ್ಣು ಬರೆದವರು ಇವರೇ. “ನಾನು ಬರೆದ್ರೇನೇ ಗೊಂಬೆಗಳು ನೋಡ್ತಾವೆ ಅನ್ನೋನು” ಎಂದರು.

“ಅವ್ನು ನನ್ನ ಕರೆಯಾಕೇ ಬಂದಿದ್ನಾ?” ಎಂದು ಕೇಳಿದರು.

ಹೌದು ಎಂದೆ. ಆಮೇಲೆ, ನನಗೂ ಸರಿಯಾಗಿ ಗೊತ್ತಿಲ್ಲಮ್ಮ ಎಂದೆ. ಎರಡೂ ನಿಜವೇ. ಅಕ್ಕ ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯದೆ ತಾತ ಹಿಂಜರಿದರೋ, ಅವಳಾಗಿಯೇ ಬರುತ್ತೇನೆ ಎನ್ನಲಿ ಎಂದು ಕಾದರೋ, ಅಥವಾ ಹಕ್ಕಿಯ ನೆಪದಲ್ಲಿ ಅಕ್ಕನ ಮನೆಯಲ್ಲಿ ಟೀ ಕುಡಿದದ್ದೇ ಅವರಿಗೆ ಸಾಕಾಗಿತ್ತೋ... ಒಂದೊಂದು ದಿನ ಒಂದೊಂದು ನಿಜವೆನ್ನಿಸುತ್ತದೆ.

ಅಕ್ಕನೂ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಎದುರಿನ ಶೀಟಿನ ಮಾಡಿನಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ವಿಮಾನದ ಟಿಕೆಟ್ಟುಗಳನ್ನು ನಾನೀಗ ಸರಾಗವಾಗಿ ಮಾಡುತ್ತೇನೆ. ಯಾರು ಹೋಗುತ್ತಾರೆ, ಅವರಿಗೆ ಹೇಳಿದ್ದೀರಾ ಎಂದು ಮೊದಲೇ ಕೇಳುತ್ತೇನೆ. ಕೆಲವರು ವಿಚಿತ್ರವಾಗಿ ನೋಡುತ್ತಾರೆ. ಆ ಬೇಸಿಗೆಯಲ್ಲಿ ನಾನು ಸಮುದ್ರದಾಚೆಯ ಕಚೇರಿಗಳಿಗೆ ಎಷ್ಟೆಲ್ಲ ಫೋನು ಮಾಡಿದೆ. ಕನಕಪುರಕ್ಕೆ ಇಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ಒಂದು ಸಲ ತಾತನ ಜೊತೆ ಹೋಗಿ, ಅವರು ಕೇಳಲಾರದ್ದನ್ನು ನಾನೇ ಕೇಳಿಬಿಡಬಹುದಿತ್ತು.