ಬಳೆಗಾರ್ತಿ ಖಾಲಾನ ಮುಂದಿನ ಕೋಣೆ

ಮೊನ್ನೆ ನಮ್ಮ ಓಣಿಯ ಬೇವಿನ ಗಿಡಗಳ ಬುಡಕ್ಕೆ ಯಾರೋ ಸುಣ್ಣ ಬಳಿಯುತ್ತಿದ್ದರು. ರಾಯಚೂರಿನ ಬಿಸಿಲಿಗೆ ಹಸಿ ಸುಣ್ಣ ಒಣಗುವಾಗ ಒಂದು ಘಾಟು ಬರುತ್ತದೆ, ಮೂಗಿನ ತುದಿ ಚುರುಗುಟ್ಟುವಂಥದ್ದು. ಈಗಿನವರಿಗೆ ಬಣ್ಣದ ಡಬ್ಬಿಯ ವಾಸನೆ ಗೊತ್ತು, ಇದು ಗೊತ್ತಿಲ್ಲ. ಕಿಟಕಿ ಮುಚ್ಚಲೆಂದು ಎದ್ದವಳು ಹಾಗೇ ನಿಂತುಬಿಟ್ಟೆ. ಮಾನ್ವಿಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಬಳೆಗಾರ್ತಿ, ಮೊಣಕೈತನಕ ಸುಣ್ಣ ಮೆತ್ತಿಕೊಂಡು…

ನಾನು ದೇವದುರ್ಗದಿಂದ ಮಾನ್ವಿಗೆ ಸೊಸೆಯಾಗಿ ಹೋದದ್ದು ನಲವತ್ತರ ದಶಕದ ನಡುವೆ, ಇನ್ನೂ ನಿಜಾಮರ ರಾಜ್ಯವಿದ್ದಾಗ. ಮಾವನವರು ಶಾಲೆಯ ಮಾಸ್ತರರು. ಅತ್ತೆಯವರದು ಮಡಿಯೆಂದರೆ ಮಡಿ, ಅದರಲ್ಲಿ ಯಾರ ಮುಲಾಜೂ ಇಲ್ಲ. ಎದುರು ಮನೆಯಾಕೆ ಬಳೆಯ ಮಲಾರ ಹೊತ್ತು ನೀರಮಾನ್ವಿ, ಕವಿತಾಳದ ಕಡೆ ತಿರುಗುವವಳು. ಬಂಡಿ ಸಿಕ್ಕರೆ ಬಂಡಿ, ಇಲ್ಲದಿದ್ದರೆ ಕಾಲು. ಗಂಡ ತೀರಿಕೊಂಡಿದ್ದ, ಇದ್ದವಳೊಬ್ಬಳೇ ಮಗಳು. ಮನೆಯೊಳಗೆ ದಖನಿ ಮಾತು, ಹೊರಗೆ ನಮ್ಮಂಥದೇ ಕನ್ನಡ. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅತ್ತೆಯವರು ಆಕೆಯನ್ನು ಕಟ್ಟೆಯ ತುದಿಗೆ ಕೂಡಿಸಿ ಕೈ ಒಡ್ಡುತ್ತಿದ್ದರು, ಬಳೆ ಇಟ್ಟುಕೊಂಡ ಮೇಲೆ ಸ್ನಾನಕ್ಕೆ ಹೋಗುತ್ತಿದ್ದರು. ನನಗೆ ಆ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಸಿಕ್ಕವಳು ಆಕೆಯೊಬ್ಬಳೇ.

ಖಾಲಾನ ಮನೆ ಎಂದರೆ ಮುಂದೊಂದು ಕೋಣೆ, ಹಿಂದೊಂದು ಚಪ್ಪರ, ಅಷ್ಟೇ. ಮಣ್ಣಿನ ನೆಲ, ಹೊಗೆ ಹಿಡಿದ ಗೋಡೆ, ಮಾಳಿಗೆಯಿಂದ ಸದಾ ಉದುರುವ ಮಣ್ಣು. ಮಗಳ ನಿಕಾಹ್ ಅದೇ ಕೋಣೆಯಲ್ಲಿ ಆಗಬೇಕೆಂಬುದು ಆಕೆಯ ಹಟ. ಗಂಡಿನ ಕಡೆಯವರು ರಾಯಚೂರಿನ ಸ್ಥಿತಿವಂತರು. ಪರರ ಅಂಗಳದಲ್ಲಿ ಮಗಳನ್ನು ಒಪ್ಪಿಸಿಕೊಟ್ಟರೆ ನಾಳೆ ಆ ಹುಡುಗಿ ತಲೆ ಎತ್ತಿ ಬಾಳುವುದು ಹೇಗೆ ಎನ್ನುತ್ತಿದ್ದಳು. ಕೋಣೆಯನ್ನು ಒಮ್ಮೆಲೇ ಸರಿಮಾಡಿಸುವ ಶಕ್ತಿ ಇರಲಿಲ್ಲ. ಅದಕ್ಕೇ ಒಂದು ಸರದಿ ಹಾಕಿಕೊಂಡಿದ್ದಳು.

"ಹಬ್ಬಕ್ಕೊಂದು ಕೆಲಸ ಬೇಟಿ. ಎರಡನೇದಕ್ಕ ಕೈ ಹಚ್ಚಂಗಿಲ್ಲ, ಬಂದಿದ್ದನ್ನ ಬಿಡಂಗಿಲ್ಲ" ಎಂದಿದ್ದಳು ಒಮ್ಮೆ ನನ್ನ ಕೈಗೆ ಹಸಿರು ಬಳೆ ಏರಿಸುತ್ತ.

ಹಬ್ಬ ಅಂದರೆ ಅವರದೂ ಬಂತು, ನಮ್ಮದೂ ಬಂತು. ಒಂದು ರಂಜಾನಿಗೆ ಮಾಳಿಗೆಗೆ ಹೊಸ ಮಣ್ಣು. ನಾಗರ ಪಂಚಮಿಗೆ ಊರ ಹೆಣ್ಣುಮಕ್ಕಳೆಲ್ಲ ಬಳೆ ಇಟ್ಟುಕೊಂಡ ಮೇಲೆ, ಬಾಗಿಲ ಬಳಿ ನೆಲಕ್ಕೆ ಹಾಸಲು ಒಂದು ಸಾಲು ಪರಸಿಕಲ್ಲು. ಕಲ್ಲು ಮಾರುವವರು ಮೂಲೆ ಮುಕ್ಕಾಯಿತೆಂದು ಬದಿಗಿಟ್ಟದ್ದನ್ನು, ಅವರ ಹೆಂಡಂದಿರಿಗೆ ಬಳೆ ಕೊಟ್ಟು ತರುತ್ತಿದ್ದಳು. ಮುಂದಿನ ಹಬ್ಬಕ್ಕೆ ಇನ್ನೊಂದು ಸಾಲು. ಹೀಗೆ ನೆಲ ಬಾಗಿಲಿನಿಂದ ಒಳಕ್ಕೆ ಮೆಲ್ಲಗೆ ಬೆಳೆಯಿತು, ಅರ್ಧ ಕಲ್ಲು ಅರ್ಧ ಸೆಗಣಿ ಸಾರಿಸಿದ್ದು. ದಸರೆಗೆ ಒಳಗೋಡೆಗೆ ನೀಲಿ ಬೆರೆಸಿದ ಸುಣ್ಣ. ದೀಪ ಇಡುವ ಮಾಡದ ಸುತ್ತ, ಸುಣ್ಣದ ಗಾರೆ ಹಸಿಯಿದ್ದಾಗಲೇ, ಒಡೆದ ಬಳೆ ಚೂರುಗಳನ್ನು ಒತ್ತಿ ಬಳ್ಳಿ ಮಾಡಿದಳು. ಬಾಗಿಲ ಪರದೆಗೆ ನನ್ನ ಹಳೆಯ ಸೀರೆ ಕೊಟ್ಟೆ. ಅದನ್ನೂ ಕೂಡಲೇ ಕಟ್ಟಲಿಲ್ಲ ಮಹಾರಾಯ್ತಿ, ಸರದಿ ಬರಲೆಂದು ಗಳಕ್ಕೆ ಹಾಕಿ ಕಾದಳು. ನನಗೆ ನಗು, ಆಕೆಗೆ ಸಿಟ್ಟು.

ಆಮೇಲಿನ ವರ್ಷ ಊರಿನ ಗಾಳಿಯೇ ಕೆಟ್ಟಿತು. ನಿಜಾಮರ ಸರ್ಕಾರದ ಹೆಸರು ಹೇಳಿಕೊಂಡು ಬಂದೂಕಿನವರು ಊರೂರು ತಿರುಗತೊಡಗಿದರು. ಇಂಥ ಊರಿನಲ್ಲಿ ಕಾಳಿನ ಹಗೇವು ಒಡೆದರಂತೆ, ಇಂಥವರನ್ನು ಎಳೆದೊಯ್ದರಂತೆ ಎಂಬ ಮಾತು ಬಾವಿಕಟ್ಟೆಗೆ ಬರುತ್ತಿತ್ತು, ನಾವು ಕೊಡ ತುಂಬಿಕೊಂಡು ಸುಮ್ಮನೆ ಮನೆಗೆ ಬರುತ್ತಿದ್ದೆವು. ಕೆಲವರು ತುಂಗಭದ್ರೆ ದಾಟಿ ನಿಜಾಮರ ಗಡಿಯಾಚೆ ಹೋದರು. ಉಳಿದವರು ಮನೆಗಳನ್ನು ಬಡವಾಗಿ ಕಾಣಿಸಲು ಕಲಿತರು. ಆ ಯುಗಾದಿಗೆ ಓಣಿಯಲ್ಲಿ ಒಬ್ಬರೂ ಸುಣ್ಣ ಹಚ್ಚಲಿಲ್ಲ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಬಿಡಲಿಲ್ಲ, ತೋರಣವನ್ನೂ ಒಳಬಾಗಿಲಿಗೇ ಕಟ್ಟಿದೆವು.

ಖಾಲಾನ ಸರದಿಯಲ್ಲಿ ಆ ಯುಗಾದಿ ಹೊರಗೋಡೆಯದು.

ಮಾವನವರು ತಾವೇ ರಸ್ತೆ ದಾಟಿ ಹೋದರು. ಎಂದೂ ಹೋದವರಲ್ಲ. "ಈ ಸಲ ಬಿಡವ್ವಾ. ಬೆಳ್ಳಗ ಕಂಡ್ರ ಕಣ್ಣು ಬೀಳ್ತಾವ" ಎಂದರು.

"ಒಂದು ಬಿಟ್ರ ಮುಂದಿಂದೂ ಬೀಳ್ತದ ಮಾಸ್ತರ. ಬಕ್ರೀದ್ ಆದ ಮ್ಯಾಲ ನಿಕಾಹ್ ಅಂತ ಮಾತು ಕೊಟ್ಟೀನಿ" ಎಂದಳು ಖಾಲಾ. "ಬಡವಿ ಮನಿ. ನನ್ನಲ್ಲಿ ಏನು ಒಯ್ತಾರ?"

ಮಸಿ ಹಿಡಿದ ಆ ಓಣಿಯಲ್ಲಿ ಒಂದೇ ಗೋಡೆ ಬೆಳ್ಳಗೆ ನಿಂತಿತು.

ಕೆಲವು ದಿನಗಳಲ್ಲೇ ಬಂದೂಕಿನವರು ಬಂದರು. ಎಲ್ಲ ಮನೆ ದಾಟಿ ನೇರ ಅಲ್ಲಿಗೇ ನಡೆದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮುಂದಾಳು ಪರದೆ ಸರಿಸಿ ಒಳಗೆ ಹೋದ, ಚಪ್ಪಲಿಯಿಂದ ನೆಲ ತಟ್ಟಿ ನೋಡಿದ, ತಣ್ಣನೆಯ ಕಲ್ಲಿನ ಮೇಲೆ ಕಾಲು ಚಾಚಿ ಕೂತ. "ಛಲೋ ಜಾಗಾ ಅದ ಖಾಲಾ. ನಾವು ಇಲ್ಲೇ ಇರ್ತೀವಿ" ಎಂದ. ಬೇಡವೆನ್ನಲು ಆಕೆಗೆ ಯಾರೂ ಬಿಡುವು ಕೊಡಲಿಲ್ಲ. ಬಂದೂಕುಗಳು ಬಳೆ ಚೂರಿನ ಮಾಡಕ್ಕೆ ಒರಗಿದವು. ತಾಯಿ ಮಗಳು ಹಿಂದಿನ ಚಪ್ಪರಕ್ಕೆ ಸರಿದರು. ಆ ಬೇಸಿಗೆಯುದ್ದಕ್ಕೂ ಬಂದೂಕಿನವರಿಗೆ ರೊಟ್ಟಿ ಬಡಿದದ್ದು ಖಾಲಾ. ಊರವರನ್ನು ಹಿಡಿದು ತಂದು ಹೆದರಿಸುತ್ತಿದ್ದದ್ದೂ ಅದೇ ಕೋಣೆಯಲ್ಲಿ. ಬೈಗುಳ, ಏಟಿನ ಸಪ್ಪಳ ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಮಗಳನ್ನು ಹೊರಗೆ ಕಳಿಸಲು ಹೆದರಿ ಖಾಲಾ ನೀರಿಗೂ ತಾನೇ ಬರುತ್ತಿದ್ದಳು. ಆ ರಂಜಾನಿಗೆ ಯಾವ ಕೆಲಸವೂ ಆಗಲಿಲ್ಲ. ಬಾವಿಕಟ್ಟೆಯ ಮೇಲೆ ಕಂಡಾಗ ನನ್ನ ಮುಖ ನೋಡದೆ ಹಗ್ಗ ಸೇದುತ್ತಿದ್ದಳು…

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೂಸ್ತಾನದ ಫೌಜು ಬಂತು. ಬಂದೂಕಿನವರು ಒಂದು ಬೆಳಗಾಗುವುದರೊಳಗೆ ಮಾಯವಾದರು. ಊರು ಕುಣಿಯಿತು, ನಾವೂ ಕುಣಿದೆವು, ಸುಳ್ಳೇಕೆ ಹೇಳಲಿ. ಆದರೆ ಸಂಜೆಯ ಹೊತ್ತಿಗೆ ಬಾವಿಕಟ್ಟೆಯ ಮಾತು ಖಾಲಾನ ಮೇಲೆ ತಿರುಗಿತ್ತು. ಅವರ ಜಾತಿಯವಳೇ, ಅವರನ್ನು ಕೂಡಿಸಿಕೊಂಡು ಉಣ್ಣಿಸಿದವಳು, ನಮ್ಮವರನ್ನು ಬಡಿದದ್ದು ಅವಳ ಮನೆಯಲ್ಲೇ. ಹೇಳುತ್ತಿದ್ದ ಹೆಂಗಸರ ಕೈಯಲ್ಲಿ ಇದ್ದದ್ದು ಖಾಲಾ ಇಟ್ಟ ಬಳೆಗಳೇ.

ಮರುದಿನ ಮಧ್ಯಾಹ್ನ ಆಕೆ ಬುಟ್ಟಿಯಲ್ಲಿ ಸೆಗಣಿ ತಂದು ಹೊರಗೋಡೆಗೆ ಬಳಿಯುತ್ತಿದ್ದಳು. ಬೆಳ್ಳಗಿದ್ದುದನ್ನು ಅಡಗಿಸಿದರೆ ಮನೆ ಮರೆತುಹೋಗುತ್ತದೆಂದು ನಂಬಿದ್ದಳು ಪಾಪ. ಅತ್ತೆಯವರ ಕಣ್ಣೆದುರೇ ನಾನು ರಸ್ತೆ ದಾಟಿ ಹೋಗಿ ಬುಟ್ಟಿಗೆ ಕೈ ಹಾಕಿದೆ. ಸೆಗಣಿಯ ಕೆಳಗಿನಿಂದ ಸುಣ್ಣ ಮತ್ತೆ ಮತ್ತೆ ಇಣುಕುತ್ತಿತ್ತು.

ಅಷ್ಟರಲ್ಲಿ ಮಾವನವರು ಪೇಟೆಯ ಕಡೆಯಿಂದ ಬಿರಬಿರನೆ ಬಂದರು. "ಅದನ್ನ ಬಿಟ್ಟು ಮಗಳನ್ನ ಕರ್ಕೊಂಡು ಬಾರವ್ವಾ. ಮಂದಿ ಕೂಡಾಕತ್ತಾರ" ಎಂದರು.

ನಮ್ಮ ಹೊಸ್ತಿಲಲ್ಲಿ ಖಾಲಾ ನಿಂತುಬಿಟ್ಟಳು, ಅಭ್ಯಾಸಬಲದಿಂದ ಕಟ್ಟೆಯ ತುದಿಗೆ ಹೋದಳು. ಅತ್ತೆಯವರು ಒಳಗಿನಿಂದ ಬಂದು ಆಕೆಯ ರಟ್ಟೆ ಹಿಡಿದು, "ಉಗ್ರಾಣದಾಗ ಕೂಡ್ರಿ, ಅತ್ಲಾಗ ಯಾರೂ ಬರಂಗಿಲ್ಲ" ಎಂದರು. ನನ್ನ ಅತ್ತೆಯವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಂದೇ ಮುಗಿಯಿತು.

ಮಂದಿ ಬಂದರು. ಬೆಂಕಿ ಇಡುತ್ತಾರೆಂದುಕೊಂಡಿದ್ದೆವು. ಇಡಲಿಲ್ಲ. ಮೊದಲು ಮಲಾರ ಬೀದಿಗೆ ಎಸೆದ ಸದ್ದು, ಗಾಜಿನ ಸದ್ದು. ಆಮೇಲೆ ಹಾರೆಯ ಸದ್ದು. ಸಂದಿಯಿಂದ ನೋಡಿದೆ. ನಮ್ಮ ಓಣಿಯವರೇ, ದಿನಾ ಬೆಳಗಾದರೆ ಕಾಣುವ ಮುಖಗಳೇ, ಪರಸಿಕಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ ತಲೆಯ ಮೇಲಿಟ್ಟುಕೊಂಡು ತಮ್ಮ ತಮ್ಮ ಮನೆಗೆ ನಡೆಯುತ್ತಿದ್ದರು.

ಉಗ್ರಾಣದ ಕತ್ತಲಲ್ಲಿ ಮಗಳು ತಾಯಿಯ ಮಡಿಲಿಗೆ ಮುಖ ಒತ್ತಿದ್ದಳು. ಖಾಲಾ ಕಿವಿಗೊಟ್ಟು ಕೇಳುತ್ತಿದ್ದಳು.

"ಹಾರಿ ಹಂಗ ಹಾಕಬಾರದು," ಎಂದಳು ಮೆಲ್ಲಗೆ. "ಮೂಲಿ ಒಡೀತಾವ."

ಎರಡು ದಿನ ಕಳೆದು, ಗದ್ದಲ ತಣಿದ ಮೇಲೆ ಮಾವನವರು ಬಂಡಿ ಹೂಡಿಸಿ ತಾಯಿ ಮಗಳನ್ನು ರಾಯಚೂರಿನ ದಾರಿಗೆ ಹಚ್ಚಿ ಬಂದರು. ಖಾಲಾ ತನ್ನ ಮನೆಯ ಕಡೆ ತಿರುಗಿ ನೋಡಲಿಲ್ಲ. ನನ್ನ ಕೈ ಹಿಡಿದು ಬಳೆಗಳನ್ನು ಒಮ್ಮೆ ಮೇಲೆ ಸರಿಸಿ, ಕೆಳಗೆ ಬಿಟ್ಟಳು, ಅಷ್ಟೇ. ಆಮೇಲೆ ಸುದ್ದಿಯಿಲ್ಲ.

ಮುಂದೆ ನಾವೂ ರಾಯಚೂರಿಗೇ ಬಂದು ನೆಲೆಸಿದೆವು. ಗಂಡಿನ ಮನೆಯ ಗುರುತು ನನಗೆ ಗೊತ್ತಿರಲಿಲ್ಲ, ಬಳೆ ಅಂಗಡಿಗಳಲ್ಲಿ ವಿಚಾರಿಸಿದೆ, ವರ್ಷಗಟ್ಟಲೆ. "ಮಾನ್ವಿಯಿಂದ ಬಂದವರೇ? ಯಾರವ್ವಾ, ಗೊತ್ತಿಲ್ಲವಲ್ಲ…" ಎನ್ನುತ್ತಿದ್ದರು. ಈಗ ಕೇಳಲು ಆ ಕಾಲದವರೇ ಉಳಿದಿಲ್ಲ. ಆ ಹುಡುಗಿಯ ನಿಕಾಹ್ ಆಯಿತೋ ಇಲ್ಲವೋ, ಆಗಿದ್ದರೆ ಯಾರ ಅಂಗಳದಲ್ಲಿ ಆಯಿತೋ, ತಿಳಿಯದೆಯೇ ನಾನು ಸಾಯುತ್ತೇನೆ.